ಬಾಗಿಲು ಸುಮ್ಮಸುಮ್ಮನೆ ಕೂಗಿದರೆ ಲಾಭ ಯಾರಿಗೆ?

ಕೋರ್ಟಿಗೆ ಹೋಗಿ, ಮೆಟ್ರೋ ಹತ್ತಿ, ದೊಡ್ಡ ದೇವಸ್ಥಾನದಲ್ಲಿ ದರ್ಶನಕ್ಕೆ ನಿಲ್ಲಿ. ಬಾಗಿಲ ಮುಂದೆ ಇನ್ನೊಂದು ಬಾಗಿಲು ಎದುರಾಗುತ್ತದೆ. ಅದೇ ಮೆಟಲ್ ಡಿಟೆಕ್ಟರ್. ಬೀಗದಕೈ ಇದ್ದವನಿಗೂ ಕುಂಯ್, ಬರಿಗೈಲಿ ಬಂದವನಿಗೂ ಕುಂಯ್. ಕೆಲವು ಕಡೆ ಯಾರೂ ನುಸುಳದಿದ್ದರೂ ತನ್ನಷ್ಟಕ್ಕೆ ತಾನೇ ಕೂಗಿಕೊಳ್ಳುತ್ತೆ. ಪಕ್ಕದಲ್ಲಿ ಕೂತ ಕಾವಲುಗಾರ ‘ಹೋಗಿ ಸ್ವಾಮಿ, ಹೋಗಿ’ ಎಂದು ಕೈ ಬೀಸುತ್ತಾನೆ.

ಅಪಾಯ ಇರೋದು ಅಲ್ಲೇ. ನೂರು ಸಲ ಸುಳ್ಳು ಕೂಗಿದ ಬಾಗಿಲು ನೂರಾ ಒಂದನೇ ಸಲ ನಿಜ ಕೂಗಿದರೂ ನಂಬುವವರಿಲ್ಲ. ‘ತೋಳ ಬಂತು ತೋಳ’ ಎಂದ ಕುರಿಕಾಯುವ ಹುಡುಗನ ಗತಿಯೇ ಅದಕ್ಕೂ.

ಗದ್ದಲ ಎಲ್ಲಿಂದ?

ಯಂತ್ರದ ಗುಟ್ಟು ಸರಳ. ಒಳಗೆ ತಾಮ್ರದ ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಸುತ್ತಲೂ ಕಾಂತಕ್ಷೇತ್ರ ಎಬ್ಬಿಸುತ್ತದೆ. ಕೆಲವು ಯಂತ್ರಗಳಲ್ಲಿ ಬಿಟ್ಟುಬಿಟ್ಟು ತಟ್ಟಿದ ಹಾಗೆ; ತತ್ವ ಒಂದೇ. ಲೋಹ ಬಂತೋ, ಅದರ ಮೈಯಲ್ಲೂ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಮಾರ್ದನಿಯನ್ನು ಯಂತ್ರ ಹಿಡಿದು ಕೂಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕವೇ ಫ್ರೀಕ್ವೆನ್ಸಿ. ಸಾವಿರ ಸಲಕ್ಕೆ ಒಂದು ಕಿಲೋಹರ್ಟ್ಸ್.

ಈ ಮಾರ್ದನಿ ತೀರಾ ಸಣ್ಣದು. ಅದನ್ನು ಕೇಳಲು ಯಂತ್ರ ಕಿವಿ ನಿಮಿರಿಸಿ ಕೂತಿರುವಾಗ ಪಕ್ಕದ ಕರೆಂಟಿನ ಗದ್ದಲ ನುಗ್ಗುತ್ತದೆ. ನಮ್ಮ ಲೈನಿನ ಕರೆಂಟು 50 ಹರ್ಟ್ಸ್. ಅದರ ಮರಿಗಳು 100, 150, 200 ಎಂದು ಮೇಲೇರುತ್ತವೆ. ಅದಕ್ಕಿಂತ ಉಪದ್ರವ ಈಗಿನ ಎಲ್‌ಇಡಿ ದೀಪ, ಯುಪಿಎಸ್, ಲಿಫ್ಟಿನ ಮೋಟಾರು ಓಡಿಸುವ ಡ್ರೈವುಗಳದ್ದು. ಇವು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ, ಕೆಲವು ಲಕ್ಷ ಸಲ, ಕತ್ತರಿಸಿ ಕತ್ತರಿಸಿ ಕೊಡುತ್ತವೆ. ಅಂದರೆ ಡಿಟೆಕ್ಟರ್ ಓಡಾಡುವ ಬೀದಿಯಲ್ಲೇ ಇವುಗಳ ಓಡಾಟ.

ರೇಡಿಯೋ ಕಾಲದವರಿಗೆ ಇದು ಹೊಸದೇನಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೆ ಇಲ್ಲಿ ವಾರ್ತೆ ಗೊರಗೊರ. ಎರಡು ಸ್ಟೇಷನ್ ಅಕ್ಕಪಕ್ಕ ಬಂದರೆ ಉದ್ದನೆಯ ಸಿಳ್ಳೆ. ಒಂದೇ ಸಾಲಿನಲ್ಲಿ ಎರಡು ಡಿಟೆಕ್ಟರ್ ಬಾಗಿಲು ನಿಲ್ಲಿಸಿ ಎರಡನ್ನೂ ಒಂದೇ ಚಾನೆಲ್ಲಿನಲ್ಲಿ ಬಿಟ್ಟರೂ ಇದೇ ಪಾಡು. ಒಂದರ ಕೂಗು ಇನ್ನೊಂದರ ಕಿವಿಗೆ.

ಯಾವುದನ್ನು ತಿರುಗಿಸಬೇಕು?

ಬಾಗಿಲು ಕೂಗಿತೆಂದರೆ ಮೊದಲು ಕೈ ಹೋಗುವುದು ಸೆನ್ಸಿಟಿವಿಟಿ ಕಡಿಮೆ ಮಾಡಲು. ಗಲಾಟೆ ಥಟ್ಟನೆ ನಿಲ್ಲುತ್ತೆ, ಎಲ್ಲರಿಗೂ ಖುಷಿ. ಆದರೆ ಇದು ಕಿವಿಗೆ ಹತ್ತಿ ತುರುಕಿದ ಹಾಗೆ. ಗದ್ದಲವೂ ಕೇಳಿಸದು, ಸೊಂಟದಲ್ಲಿ ಸಿಕ್ಕಿಸಿಕೊಂಡ ಚಾಕುವೂ ಕೇಳಿಸದು.

ಮೊದಲು ಬದಲಿಸಬೇಕಾದ್ದು ಫ್ರೀಕ್ವೆನ್ಸಿ. ಇದಕ್ಕಾಗಿಯೇ ಅನೇಕ ಯಂತ್ರಗಳಲ್ಲಿ ಹಲವು ಚಾನೆಲ್ ಕೊಟ್ಟಿರುತ್ತಾರೆ. ಬಾಗಿಲಲ್ಲಿ ಯಾರೂ ಇಲ್ಲದಾಗ ಒಂದೊಂದೇ ಚಾನೆಲ್ ಹಾಕಿ ನೋಡಬೇಕು. ಸೂಚನಾ ದೀಪ ಎಲ್ಲಿ ಕುಣಿಯದೆ ತಣ್ಣಗಿರುತ್ತದೋ ಅದೇ ಆ ಜಾಗಕ್ಕೆ ತಕ್ಕ ಚಾನೆಲ್. ಕೆಲವು ಯಂತ್ರಗಳು ಈ ಹುಡುಕಾಟವನ್ನು ತಾವೇ ಮಾಡಿಕೊಳ್ಳುತ್ತವೆ. ಪಕ್ಕದಲ್ಲಿ ಇನ್ನೊಂದು ಬಾಗಿಲಿದ್ದರೆ ಅದಕ್ಕೆ ಬೇರೆ ಚಾನೆಲ್, ಜೊತೆಗೆ ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಅಂತರ.

ಈ ಪರೀಕ್ಷೆಯನ್ನು ಬೆಳಿಗ್ಗೆ ದೀಪವೆಲ್ಲ ಆರಿದ್ದಾಗ ಮಾಡಿ ಕೈತೊಳೆದುಕೊಂಡರೆ ಸಾಲದು. ಸಂಜೆ ಬೋರ್ಡುಗಳು ಹೊತ್ತಿ, ಲಿಫ್ಟು ಓಡಾಡುವಾಗಲೇ ನಿಜವಾದ ಗದ್ದಲ. ಆಗಲೂ ನೋಡಬೇಕು. ಫ್ರೀಕ್ವೆನ್ಸಿ ತುಂಬ ಮೇಲೆ ಕೆಳಗೆ ಹೋದರೆ ಕೆಲವು ಲೋಹ ಚೆನ್ನಾಗಿ ಸಿಗುತ್ತೆ, ಕೆಲವು ಮಂಕಾಗುತ್ತೆ. ಆದ್ದರಿಂದ ಪ್ರತಿ ಬದಲಾವಣೆ ಆದಮೇಲೂ ಪರೀಕ್ಷೆಯ ಲೋಹದ ತುಂಡನ್ನು ಪಾದ, ಸೊಂಟ, ಭುಜ ಮೂರೂ ಮಟ್ಟದಲ್ಲಿ ಹಿಡಿದು ದಾಟಿ ನೋಡಲೇಬೇಕು. ಸೆನ್ಸಿಟಿವಿಟಿ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.

ಯಾವ ಚಾನೆಲ್ಲಿಗೂ ಬಗ್ಗದ ಕಾಟವೂ ಒಂದುಂಟು. ಅಲುಗಾಡುವ ಕಬ್ಬಿಣದ ಗೇಟು, ಎಳೆದು ಬಿಡುವ ರೋಲಿಂಗ್ ಷಟರ್. ಇದು ಕರೆಂಟಿನ ಗದ್ದಲವಲ್ಲ, ನಿಜವಾದ ಲೋಹವೇ. ಯಂತ್ರ ಸುಳ್ಳು ಹೇಳುತ್ತಿಲ್ಲ. ಅಲ್ಲಿಂದ ಎತ್ತಿ ಬೇರೆ ಕಡೆ ಇಡುವುದೇ ದಾರಿ.

ಅಧ್ಯಕ್ಷರ ಮಂಚ

ಸುತ್ತಲ ಲೋಹವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತೆ ಎಂಬುದಕ್ಕೆ ಹಳೆಯ ಸಾಕ್ಷಿ ಅಮೆರಿಕದ್ದು. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿತ್ತು. ಮೈಯೊಳಗೆ ಉಳಿದ ಗುಂಡನ್ನು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಾವೇ ತಯಾರಿಸಿದ ಲೋಹಶೋಧಕ ಹಿಡಿದು ಬಂದರು. ಹಳೆಯ ಯುದ್ಧದ ಗುಂಡು ಮೈಯಲ್ಲಿ ಉಳಿದಿದ್ದ ಸೈನಿಕರ ಮೇಲೆ ಅದು ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆ ಬಳಿ ಮಾತ್ರ ಸ್ಪಷ್ಟ ಸದ್ದು ಸಿಗಲಿಲ್ಲ. ಅವರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇತ್ತೆಂದು ಆಮೇಲೆ ತಿಳಿಯಿತು. ಸಾಲದ್ದಕ್ಕೆ ಗುಂಡು ಬಲಕ್ಕಿದೆ ಎಂಬ ವೈದ್ಯರ ಹಟದಿಂದ ಹುಡುಕಿದ್ದೂ ಬಲಕ್ಕೇ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಕ್ಕೆ.

ಬೆಲ್ ಅವರಂಥ ಬೆಲ್ ಅವರಿಗೇ ಮಂಚದ ಕೆಳಗಿನ ಉಕ್ಕು ಕಾಡಿತೆಂದ ಮೇಲೆ, ಲಾರಿಯಿಂದ ಇಳಿಸಿ, ಪ್ಲಗ್ಗು ಚುಚ್ಚಿ, ಬಿಲ್ಲು ಬರೆದು ಹೋಗುವ ಕೆಲಸ ಎಷ್ಟು ನೆಟ್ಟಗಿದ್ದೀತು? ಬಂಗಾರದ ಅಂಗಡಿ, ಮಾಲುಗಳ ಮಾಲೀಕರು ಯಂತ್ರ ತರಿಸುವಾಗ ರೇಟು ಕೇಳಿದರಷ್ಟೇ ಸಾಲದು. ಚಾನೆಲ್ ಎಷ್ಟಿವೆ, ಸಂಜೆ ಹೊತ್ತು ಬಂದು ಹೊಂದಿಸಿ ಕೊಡುತ್ತೀರಾ ಎಂದೂ ಕೇಳಬೇಕು. ಸಾರ್ವಜನಿಕ ಕಟ್ಟಡಗಳ ಉಸ್ತುವಾರಿ ಹೊತ್ತವರು ತಿಂಗಳಿಗೊಮ್ಮೆಯಾದರೂ ಪರೀಕ್ಷೆಯ ತುಂಡು ಹಿಡಿದು ತಾವೇ ದಾಟಿ ನೋಡಲಿ.

ಬಾಗಿಲಿಗೆ ಹಣ ಸುರಿದಾಗಿದೆ. ಒಂದು ಗುಂಡಿ ಒತ್ತಲು ಹಣ ಬೇಕಿಲ್ಲ, ಅರ್ಧ ಗಂಟೆ ಪುರಸೊತ್ತು ಸಾಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?