ಅಣೆಕಟ್ಟು ನಿಲ್ಲಿಸಿದ ಆಮೆ

ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸೋಕೆ ನಾವು ಸರ್ಕಾರಕ್ಕೆ ಅರ್ಜಿ ಹಾಕ್ತೀವಿ. ಸರ್ಕಾರವೇ ಅಣೆಕಟ್ಟು ಕಟ್ತೀನಿ ಅಂದ್ರೆ? ಅರ್ಜಿ ಹಾಕೋರೂ ಅವರೇ, ಸಹಿ ಹಾಕೋರೂ ಅವರೇ ಅಲ್ವಾ ಅಂತೀರಾ? ಅಷ್ಟು ಸಲೀಸಲ್ಲ ಸ್ವಾಮಿ.

ಆಸ್ಟ್ರೇಲಿಯಾದಲ್ಲಿ ದೊಡ್ಡ ಯೋಜನೆ ಅಂದ್ರೆ ಮೊದಲು ಪರಿಸರದ ಮೇಲಾಗೋ ಪರಿಣಾಮದ ವರದಿ ಬರೀಬೇಕು. ಅದನ್ನ ಜನರ ಮುಂದಿಡಬೇಕು. ಗಡುವಿನೊಳಗೆ ಯಾರು ಬೇಕಾದ್ರೂ ಆಕ್ಷೇಪಣೆ ಬರೀಬಹುದು, ಯೋಜನೆಯವರು ಅದಕ್ಕೆಲ್ಲ ಉತ್ತರ ಕೊಡಬೇಕು. ತೀರ್ಮಾನ ಆಮೇಲೆ. ಸಾಫ್ಟ್‌ವೇರ್ ಮಂದಿಗೆ ಹೇಳೋದಾದ್ರೆ, ಊರಿಗೆ ಊರೇ ಕೂತು ಮಾಡೋ ಡಿಸೈನ್ ರಿವ್ಯೂ!

ನಾನಿರೋ ಅಡಿಲೇಡ್‌ನಲ್ಲಿ ಪೋರ್ಟ್ ಸ್ಟಾನ್‌ವ್ಯಾಕ್ ಹತ್ರ ಸಮುದ್ರದ ನೀರನ್ನ ಸಿಹಿ ಮಾಡೋ ಘಟಕಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹೀಗೇ, ಷರತ್ತುಗಳ ಜೊತೆಗೆ.

ಬ್ರಿಸ್ಬೇನ್ ಕಥೆ ಬೇರೆ. ಬರಗಾಲದ 2006ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಆ ಊರಿನ ಸುತ್ತಮುತ್ತ ನೀರು ಕೊಡೋಕೆ ಉತ್ತರದಲ್ಲಿರೋ ಮೇರಿ ನದಿಗೆ ಟ್ರಾವೆಸ್ಟನ್ ಅಣೆಕಟ್ಟು ಕಟ್ತೀವಿ ಅಂತು. ಮುಳುಗಡೆಯ ಎಷ್ಟೋ ಜಮೀನು ಕೊಂಡೂ ಆಯ್ತು. 2009ರ ಅಕ್ಟೋಬರ್‌ನಲ್ಲಿ ರಾಜ್ಯದ ಒಪ್ಪಿಗೆಯೂ ಸಿಕ್ತು. ಆದ್ರೆ 1999ರ ಪರಿಸರ ಕಾಯ್ದೆ ಪ್ರಕಾರ ಕೇಂದ್ರದ ಸಹಿಯೂ ಬೇಕಿತ್ತು. ಮಂತ್ರಿ ಪೀಟರ್ ಗ್ಯಾರೆಟ್ ಅದೇ ವರ್ಷದ ಕೊನೆಗೆ ಆಗಲ್ಲ ಅಂದ್ರು. ಎರಡೂ ಕಡೆ ಇದ್ದದ್ದು ಲೇಬರ್ ಪಕ್ಷವೇ ನೋಡಿ!

ಕಾರಣ? ಹಿಂಭಾಗದಿಂದಲೂ ಉಸಿರಾಡಬಲ್ಲ ಮೇರಿ ನದಿಯ ಆಮೆ, ಜೊತೆಗೆ ಅಲ್ಲಿನ ಕಾಡ್ ಮೀನು, ಲಂಗ್‌ಫಿಶ್. ಆ ಕಾಯ್ದೆ ಮುಖ್ಯವಾಗಿ ಕೇಳಿದ್ದು ಅಪಾಯದಲ್ಲಿರೋ ಜೀವಿಗಳ ಬಗ್ಗೆ, ತಲೆಮಾರಿನಿಂದ ಹಸು ಸಾಕಿದ ರೈತರ ಮನೆ ಬಗ್ಗೆ ಅಲ್ಲ. ರೈತರ ಹೊಲ ಉಳಿದದ್ದು ಆಮೆ ಪುಣ್ಯದಿಂದ.

ಪರ್ತ್‌ನಲ್ಲಿ ಅದೂ ಸಾಲಲಿಲ್ಲ. ಬೀಲಿಯರ್ ಜೌಗು ಪ್ರದೇಶದ ಮೂಲಕ ಹಾಯೋ ರೋ 8 ಹೆದ್ದಾರಿಯ ಒಪ್ಪಿಗೆ ಸಿಂಧುವಲ್ಲ ಅಂತ 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು. 2016ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನ ತಳ್ಳಿಹಾಕಿತು, ಮರ ಕಡಿಯೋದೂ ಶುರುವಾಯ್ತು. 2017ರ ಮಾರ್ಚ್ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲಷ್ಟೇ ಕೆಲಸ ನಿಂತಿದ್ದು. ಬಿದ್ದ ಮರಗಳು ಬಿದ್ದವೇ.

ನಮ್ಮಲ್ಲೂ 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್‌ಗೆ ಪರಿಸರ ಅಧ್ಯಯನ ಹೊಸದಾಗಿ ಮಾಡಿ ಅಂತ 2020ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದ್ದುಂಟು.

ಹಾಗಾಗಿ ನಿಮ್ಮೂರಲ್ಲಿ ಇಂಥ ನೋಟಿಸ್ ಕಂಡ್ರೆ "ನಮಗೆ ಬೇಡ" ಅಂತಷ್ಟೇ ಬರೆದು ಸುಮ್ಮನಾಗ್ಬೇಡಿ. ವರದಿ ಓದಿ. ಕಾನೂನು ಏನು ಕೇಳ್ತಿದೆ ಅಂತ ನೋಡ್ಕೊಂಡು, ಅದಕ್ಕೆ ಉತ್ತರ ಬರೀರಿ. ನಿಮ್ಮೂರ ಕೆರೆಯಲ್ಲೂ ಒಂದು ಆಮೆ ಇದ್ದೀತು!