ಹಿಟ್ಲರ್ ಮುಂದೇನು ಮಾಡ್ತಾನೆ? 1943ರಲ್ಲೇ ಬರೆದಿಟ್ಟಿದ್ದ ಉತ್ತರ

ಕಳೆದ ತಿಂಗಳು ನಮ್ಮ ಆಫೀಸಲ್ಲಿ ಎಲ್ಲರಿಗೂ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟರು. ಅರವತ್ತು ಪ್ರಶ್ನೆ, ಇಪ್ಪತ್ತು ನಿಮಿಷ, ಕೊನೆಗೊಂದು ಬಣ್ಣಬಣ್ಣದ ರಿಪೋರ್ಟ್. ‘ಒತ್ತಡ ಹೆಚ್ಚಾದಾಗ ನೀವು ಮೌನಕ್ಕೆ ಜಾರುತ್ತೀರಿ’ ಅಂತ ಅದರಲ್ಲಿ ಬರೆದಿತ್ತು. ಮನೆಗೆ ಬಂದು ಹೆಂಡತಿಗೆ ತೋರಿಸಿದೆ. “ಇದನ್ನ ಹೇಳೋಕೆ ಟೆಸ್ಟ್ ಬೇಕಿತ್ತಾ? ನನ್ನ ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳ್ತಿದ್ದೆ” ಅಂದಳು.

ಅವಳು ತಮಾಷೆಗೆ ಹೇಳಿದ ಮಾತದು. ಆದರೆ ಒಂದು ಕಾಲದಲ್ಲಿ ಅಮೆರಿಕ ಸರ್ಕಾರ ಇದೇ ಕೆಲಸವನ್ನು ಗಂಭೀರವಾಗಿ ಮಾಡಿತ್ತು. ಒಬ್ಬ ಮನುಷ್ಯನನ್ನು ಒಂದು ಸಲವೂ ಭೇಟಿ ಮಾಡದೆ, ಅವನ ಹತ್ತಿರ ಇದ್ದವರನ್ನು ಹುಡುಕಿ ಹುಡುಕಿ ಮಾತಾಡಿಸಿ, ಅವನ ಮನಸ್ಸಿನ ನಕ್ಷೆ ಬರೆಸಿತ್ತು. ಆ ಮನುಷ್ಯನ ಹೆಸರು ಅಡಾಲ್ಫ್ ಹಿಟ್ಲರ್.

ರೋಗಿ ಇಲ್ಲದ ಕ್ಲಿನಿಕ್

1943ರ ವಸಂತ. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೈನ್ಯ ಫೆಬ್ರವರಿಯಲ್ಲಷ್ಟೇ ಶರಣಾಗಿತ್ತು. ಅದಕ್ಕೂ ಮೊದಲೇ, ಜನವರಿಯಲ್ಲಿ, ಕಾಸಾಬ್ಲಾಂಕಾದಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಒಂದು ಮಾತು ಘೋಷಿಸಿಬಿಟ್ಟಿದ್ದರು: ಜರ್ಮನಿಯ ಜೊತೆ ರಾಜಿ ಇಲ್ಲ, ಬೇಷರತ್ ಶರಣಾಗತಿ ಮಾತ್ರ. ಹಾಗಾದರೆ ಮೂಲೆಗೆ ತಳ್ಳಲ್ಪಟ್ಟ ಹಿಟ್ಲರ್ ಏನು ಮಾಡ್ತಾನೆ? ಓಡಿಹೋಗ್ತಾನಾ? ಹುಚ್ಚನಾಗ್ತಾನಾ? ಸಿಕ್ಕಿಬೀಳ್ತಾನಾ?

ಈ ಪ್ರಶ್ನೆ ವಿಲಿಯಂ ಡೊನೊವನ್ ತಲೆಯಲ್ಲಿತ್ತು. ಡೊನೊವನ್ ಓಎಸ್‌ಎಸ್ ಎಂಬ ಅಮೆರಿಕದ ಯುದ್ಧಕಾಲದ ಗುಪ್ತಚರ ಸಂಸ್ಥೆಯ ಮುಖ್ಯಸ್ಥ. ಇವತ್ತಿನ ಸಿಐಎಗೆ ಅದು ಹಿರಿಯಣ್ಣ ಇದ್ದ ಹಾಗೆ. ಅವರು ಉತ್ತರಕ್ಕಾಗಿ ಹೋದದ್ದು ಯಾವ ಸೇನಾಧಿಕಾರಿಯ ಹತ್ತಿರವೂ ಅಲ್ಲ, ವಾಲ್ಟರ್ ಲ್ಯಾಂಗರ್ ಎಂಬ ಮನೋವಿಶ್ಲೇಷಕನ ಹತ್ತಿರ.

ಲ್ಯಾಂಗರ್ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಮಗಳು ಅನ್ನಾ ಫ್ರಾಯ್ಡ್ ಬಳಿ ತರಬೇತಿ ಪಡೆದವರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅಲ್ಲೇ ಇದ್ದವರು. ಅವರಿಗೆ ಸಿಕ್ಕ ಅಸೈನ್‌ಮೆಂಟ್ ವಿಚಿತ್ರವಾಗಿತ್ತು. ಮನೋವಿಶ್ಲೇಷಣೆ ಅಂದ್ರೆ ರೋಗಿ ಸೋಫಾದ ಮೇಲೆ ಮಲಗಿ, ತಿಂಗಳುಗಟ್ಟಲೆ ಮಾತಾಡಿ, ವೈದ್ಯರು ಕೇಳಿಸಿಕೊಂಡು ಮಾಡುವ ಕೆಲಸ. ಇಲ್ಲಿ ರೋಗಿ ಶತ್ರುದೇಶದಲ್ಲಿದ್ದಾನೆ. ಸಮಯ ಕೆಲವೇ ತಿಂಗಳು.

ಸಹಾಯಕ್ಕೆ ಹಾರ್ವರ್ಡ್‌ನ ಹೆನ್ರಿ ಮರ್ರೆ, ನ್ಯೂಯಾರ್ಕ್‌ನ ಅರ್ನ್‌ಸ್ಟ್ ಕ್ರಿಸ್ ಮತ್ತು ಬರ್ಟ್ರಮ್ ಲೆವಿನ್ ಎಂಬ ತಜ್ಞರು ಇದ್ದರು. ಪುಸ್ತಕ, ಭಾಷಣ, ಸಂದರ್ಶನ, ಪತ್ರಿಕೆ, ಹೀಗೆ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿದರು. ಬರೀ ಆ ಆಕರಗಳ ಸಂಗ್ರಹವೇ ಸಾವಿರ ಪುಟ ದಾಟಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್‌ಗೆ ಆ್ಯಕ್ಸೆಸ್ ಇಲ್ಲ, ಬರೀ ಲಾಗ್ ನೋಡಿಕೊಂಡು ಒಳಗೆ ಏನು ನಡೀತಿದೆ ಅಂತ ಊಹಿಸಬೇಕು.

ಹುಡುಗನ ಬಗ್ಗೆ ವಿಚಾರಿಸೋ ಹಾಗೆ

ನಮ್ಮ ಮನೆಗಳಲ್ಲಿ ಮದುವೆ ಮಾತುಕತೆಗೆ ಮುಂಚೆ ಹುಡುಗನ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸ್ತಾರಲ್ಲ, ಲ್ಯಾಂಗರ್ ಮಾಡಿದ್ದೂ ಹೆಚ್ಚುಕಮ್ಮಿ ಅದೇ. ಹಿಟ್ಲರ್‌ನನ್ನು ಹತ್ತಿರದಿಂದ ಕಂಡು, ಆಮೇಲೆ ಅಮೆರಿಕ, ಕೆನಡಾ ಸೇರಿದವರನ್ನು ಹುಡುಕಿದರು.

ಅವರಲ್ಲೊಬ್ಬ ‘ಪುಟ್ಸಿ’ ಎಂದೇ ಹೆಸರಾದ ಅರ್ನ್‌ಸ್ಟ್ ಹಾನ್‌ಫ್‌ಸ್ಟೆಂಗಲ್. ಹಾರ್ವರ್ಡ್‌ನಲ್ಲಿ ಓದಿದವನು. ಹಿಟ್ಲರ್‌ನ ವಿದೇಶಿ ಪತ್ರಿಕಾ ವಕ್ತಾರನಾಗಿದ್ದವನು. ಹಿಟ್ಲರ್‌ನ ತಲೆಬಿಸಿ ಇಳಿಸಲು ಪಿಯಾನೋ ನುಡಿಸುತ್ತಿದ್ದವನು. ಜೀವಭಯದಿಂದ 1937ರಲ್ಲಿ ಓಡಿಬಂದಿದ್ದ. ಇನ್ನೊಬ್ಬ ಹಿಟ್ಲರ್‌ನ ಮಲಅಣ್ಣನ ಮಗ ವಿಲಿಯಂ ಪ್ಯಾಟ್ರಿಕ್ ಹಿಟ್ಲರ್. ಚಿಕ್ಕಪ್ಪನನ್ನು ಯಾಕೆ ದ್ವೇಷಿಸುತ್ತೇನೆ ಅಂತ 1939ರಲ್ಲೇ ಪತ್ರಿಕೆಗೆ ಬರೆದವನು. 1944ರಲ್ಲಿ ಇದೇ ಹುಡುಗ ಅಮೆರಿಕದ ನೌಕಾಪಡೆ ಸೇರಿದ!

ನನ್ನನ್ನು ಹೆಚ್ಚು ಕಾಡಿದ ಸಾಕ್ಷಿ ಮಾತ್ರ ಡಾಕ್ಟರ್ ಎಡ್ವರ್ಡ್ ಬ್ಲಾಕ್. ಆಸ್ಟ್ರಿಯಾದ ಲಿಂಜ್ ಊರಿನ ಯಹೂದಿ ವೈದ್ಯರು. ಹಿಟ್ಲರ್‌ನ ತಾಯಿ ಕ್ಲಾರಾಗೆ ಸ್ತನ ಕ್ಯಾನ್ಸರ್ ಆದಾಗ ಚಿಕಿತ್ಸೆ ಕೊಟ್ಟವರು. 1907ರ ಡಿಸೆಂಬರ್‌ನಲ್ಲಿ, 47ನೇ ವಯಸ್ಸಿಗೆ, ಆಕೆ ತೀರಿಹೋದರು. ಆಗ ಮಗನಿಗೆ 18. ಅಷ್ಟೊಂದು ದುಃಖದಲ್ಲಿ ಮುಳುಗಿದ ಇನ್ನೊಬ್ಬರನ್ನು ತನ್ನ ವೃತ್ತಿಜೀವನದಲ್ಲೇ ಕಂಡಿಲ್ಲ ಅಂತ ಆ ಡಾಕ್ಟರ್ ನೆನಪಿಸಿಕೊಂಡಿದ್ದಾರೆ. ಹಿಟ್ಲರ್ ಅವರನ್ನು ಮರೆತಿರಲಿಲ್ಲ. ಆಸ್ಟ್ರಿಯಾ ಕೈವಶವಾದ ಮೇಲೆ ಲಿಂಜ್‌ನ ಬೇರೆ ಯಹೂದಿಗಳಿಗೆ ಸಿಗದ ರಕ್ಷಣೆ ಇವರಿಗೆ ಸಿಕ್ಕಿತು. 1940ರಲ್ಲಿ ದೇಶ ಬಿಟ್ಟು ನ್ಯೂಯಾರ್ಕ್ ಸೇರಿದರು.

ಲಕ್ಷಾಂತರ ಯಹೂದಿಗಳನ್ನು ಕೊಲ್ಲಿಸುತ್ತಿದ್ದವನು ತನ್ನ ಅಮ್ಮನ ಯಹೂದಿ ಡಾಕ್ಟರ್‌ಗೆ ಕೃತಜ್ಞನಾಗಿದ್ದ. ಇದನ್ನು ಯಾವ ಕಾಲಂನಲ್ಲಿ ಬರೀತೀರಿ? ‘ಒಳ್ಳೆಯ ಗುಣ’ ಅಂತಾನಾ? ಯಾವ ಮಾಡೆಲ್‌ಗೂ ಸುಲಭವಾಗಿ ಕೂರದ ಡೇಟಾ ಇದು.

ಎಂಟು ಸಾಧ್ಯತೆಗಳು

ವರದಿಯ ಕೊನೆಯ ಭಾಗವೇ ಅದನ್ನು ಪ್ರಸಿದ್ಧ ಮಾಡಿದ್ದು. ಹಿಟ್ಲರ್‌ನ ಕೊನೆ ಹೇಗಾಗಬಹುದು ಅಂತ ಲ್ಯಾಂಗರ್ ಎಂಟು ಸಾಧ್ಯತೆಗಳನ್ನು ಒಂದೊಂದಾಗಿ ತೂಗಿದರು.

ಸಹಜವಾಗಿ ಸಾಯಬಹುದು: ಸಾಧ್ಯತೆ ಕಡಿಮೆ. ತಟಸ್ಥ ದೇಶಕ್ಕೆ ಓಡಿಹೋಗಬಹುದು: ತನ್ನನ್ನು ತಾನೇ ಅವತಾರಪುರುಷ ಅಂದುಕೊಂಡವನು ಹಾಗೆ ಮಾಡೋದು ಅನುಮಾನ. ಯುದ್ಧಭೂಮಿಯಲ್ಲಿ ಸಾಯಬಹುದು. ಯಾರಾದರೂ ಕೊಲ್ಲಬಹುದು. ಬುದ್ಧಿಭ್ರಮಣೆ ಆಗಬಹುದು. ಅವನದೇ ಸೈನ್ಯ ತಿರುಗಿಬೀಳಬಹುದು. ನಮ್ಮ ಕೈಗೆ ಸೆರೆ ಸಿಗಬಹುದು: ಇದಂತೂ ತೀರಾ ಅಸಂಭವ. ಕೊನೆಯದು, ಆತ್ಮಹತ್ಯೆ. ಎಂಟರಲ್ಲಿ ಇದೇ ಹೆಚ್ಚು ಸಂಭವನೀಯ ಅಂತ ಲ್ಯಾಂಗರ್ ಬರೆದರು.

ಸೋಲು ಹೆಚ್ಚಾದಂತೆ ಹಿಟ್ಲರ್ ಜನರ ಮುಂದೆ ಬರುವುದು ಕಮ್ಮಿಯಾಗುತ್ತೆ, ಕ್ರೌರ್ಯ ಹೆಚ್ಚಾಗುತ್ತೆ ಅಂತಲೂ ಸೇರಿಸಿದರು.

ಮುಂದೆ ಆದದ್ದು ನಿಮಗೆ ಗೊತ್ತು. ಸ್ಟಾಲಿನ್‌ಗ್ರಾಡ್ ನಂತರ ಅವನ ಸಾರ್ವಜನಿಕ ಭಾಷಣಗಳು ಅಪರೂಪವಾದವು. 1944ರ ಜುಲೈ 20ರಂದು ಅವನದೇ ಸೇನಾಧಿಕಾರಿ ಸ್ಟಾಫೆನ್‌ಬರ್ಗ್ ಸಭೆಯ ಮೇಜಿನ ಕೆಳಗೆ ಬಾಂಬ್ ಇಟ್ಟ. ಹಿಟ್ಲರ್ ಬದುಕಿಕೊಂಡ. 1945ರ ಮಾರ್ಚ್ 19ರಂದು ಜರ್ಮನಿಯದೇ ಸೇತುವೆ, ಕಾರ್ಖಾನೆಗಳನ್ನು ನಾಶ ಮಾಡಲು ಆದೇಶ ಕೊಟ್ಟ. ಏಪ್ರಿಲ್ 30ರಂದು ಬರ್ಲಿನ್‌ನ ಬಂಕರ್‌ನಲ್ಲಿ ತಾನೇ ಗುಂಡು ಹಾರಿಸಿಕೊಂಡ.

ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಮೈ ಜುಮ್ ಅಂತು.

ಇನ್ನೂ ಇಬ್ಬರು ಇಣುಕಿದ್ದರು

ಲ್ಯಾಂಗರ್ ಒಬ್ಬರೇ ಅಲ್ಲ. ತಂಡದಲ್ಲಿದ್ದ ಹೆನ್ರಿ ಮರ್ರೆ 1943ರ ಅಕ್ಟೋಬರ್‌ನಲ್ಲಿ ತಮ್ಮದೇ ಪ್ರತ್ಯೇಕ ವರದಿ ಕೊಟ್ಟರು. ಅವರೂ ಆತ್ಮಹತ್ಯೆಯ ಸಾಧ್ಯತೆ ಹೇಳಿದ್ದರು. ಸಿಕ್ಕಿಬಿದ್ದರೆ ಗಲ್ಲಿಗೇರಿಸಿ ಹುತಾತ್ಮನನ್ನಾಗಿ ಮಾಡಬೇಡಿ, ಮಾನಸಿಕ ಆಸ್ಪತ್ರೆಯಲ್ಲಿಟ್ಟು ಅವನ ಆಟಾಟೋಪವನ್ನು ಚಿತ್ರೀಕರಿಸಿ ಜರ್ಮನ್ನರಿಗೆ ತೋರಿಸಿ ಅನ್ನುವಂಥ ಸಲಹೆಯೂ ಅದರಲ್ಲಿತ್ತು.

ಬ್ರಿಟನ್‌ನಲ್ಲಿ ಇನ್ನೊಂದು ಪ್ರಯತ್ನ. 1942ರ ಏಪ್ರಿಲ್‌ನಲ್ಲಿ ಹಿಟ್ಲರ್ ಮಾಡಿದ ಒಂದು ಭಾಷಣವನ್ನು ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಜೋಸೆಫ್ ಮ್ಯಾಕ್‌ಕರ್ಡಿ ಬಿಡಿಸಿ ನೋಡಿದರು. ಆತ್ಮವಿಶ್ವಾಸ ಕುಸಿಯುತ್ತಿದೆ, ಯಹೂದಿಗಳ ಬಗೆಗಿನ ದ್ವೇಷ ಗೀಳಾಗಿ ಬೆಳೆಯುತ್ತಿದೆ, ತಾನು ದೇವದೂತ ಎಂಬ ಭ್ರಮೆ ಹೆಚ್ಚುತ್ತಿದೆ ಎಂದು ಬರೆದರು. ಗ್ಯಾಸ್ ಚೇಂಬರ್‌ಗಳ ಪೂರ್ತಿ ಸತ್ಯ ಹೊರಗಿನ ಜಗತ್ತಿಗೆ ಗೊತ್ತಾಗುವ ಮುಂಚಿನ ಮಾತಿದು. ಆ ವರದಿ ಎಲ್ಲೋ ಕಾಗದಗಳ ನಡುವೆ ಸೇರಿಹೋಗಿ, 2012ರಲ್ಲಷ್ಟೇ ಬೆಳಕಿಗೆ ಬಂತು.

ಉತ್ತರ ಸರಿ, ಲೆಕ್ಕ?

ಈಗ ಸ್ವಲ್ಪ ನಿಲ್ಲೋಣ. ನಮ್ಮ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಕಲಿಯೋ ಪಾಠ: ಟೆಸ್ಟ್ ಪಾಸಾಯ್ತು ಅಂದ್ರೆ ಕೋಡ್ ಸರಿ ಇದೆ ಅಂತ ಅರ್ಥ ಅಲ್ಲ. ತಪ್ಪು ಲಾಜಿಕ್ ಕೂಡ ಕೆಲವೊಮ್ಮೆ ಸರಿಯಾದ ಔಟ್‌ಪುಟ್ ಕೊಡುತ್ತೆ.

ಲ್ಯಾಂಗರ್ ವರದಿ 1972ರಲ್ಲಿ ಪುಸ್ತಕವಾಗಿ ಹೊರಬಂದಾಗ ಇತಿಹಾಸಕಾರರು ಅದನ್ನು ಚೆನ್ನಾಗಿಯೇ ಜಾಲಾಡಿದರು. ಹಿಟ್ಲರ್‌ನ ಲೈಂಗಿಕ ವಿಕೃತಿಗಳ ಬಗ್ಗೆ ವರದಿ ದೊಡ್ಡ ಸಿದ್ಧಾಂತವನ್ನೇ ಕಟ್ಟಿತ್ತು. ಅಂಥ ಕಥೆ ಹೇಳಿದವರಲ್ಲಿ ಮುಖ್ಯ ಒಟ್ಟೋ ಸ್ಟ್ರಾಸರ್. ಅವನ ಅಣ್ಣ ಗ್ರೆಗೋರ್‌ನನ್ನು 1934ರಲ್ಲಿ ಹಿಟ್ಲರ್ ಕಡೆಯವರು ಕೊಂದಿದ್ದರು. ಅಂಥವನ ಬಾಯಲ್ಲಿ ಹಿಟ್ಲರ್ ಬಗ್ಗೆ ಒಳ್ಳೆ ಮಾತು ಬಂದೀತಾ? ಹಿಟ್ಲರ್‌ನ ಖಾಸಗಿ ಮಾತುಗಳು ಅಂತ ಹರ್ಮನ್ ರೌಶ್ನಿಂಗ್ ಬರೆದ ಪುಸ್ತಕವನ್ನೂ ತಂಡ ನಂಬಿತ್ತು. ಅದರಲ್ಲಿ ಬಹುಪಾಲು ಕಟ್ಟುಕಥೆ ಅಂತ ಇತಿಹಾಸಕಾರರು ಆಮೇಲೆ ತೀರ್ಮಾನಿಸಿದರು. ಹಿಟ್ಲರ್‌ನ ಅಜ್ಜ ಶ್ರೀಮಂತ ಯಹೂದಿ ಮನೆತನದವನು ಎಂಬ ಗಾಳಿಸುದ್ದಿಗೂ ವರದಿಯಲ್ಲಿ ಜಾಗ ಸಿಕ್ಕಿತ್ತು. ಅದಕ್ಕೆ ಪುರಾವೆಯೇ ಇರಲಿಲ್ಲ.

ಅಂದ್ರೆ ಸಾಕ್ಷಿಗಳಲ್ಲಿ ಹೆಚ್ಚಿನವರು ಹಿಟ್ಲರ್‌ನಿಂದ ಓಡಿಬಂದವರು, ಪೆಟ್ಟು ತಿಂದವರು. ಅವರ ಕೋಪ ನ್ಯಾಯವಾದದ್ದೇ. ಆದರೆ ಕೋಪದಲ್ಲಿ ಬಂದ ಮಾಹಿತಿ ಮಾಹಿತಿಯೇ ಆಗಿ ಉಳಿಯುತ್ತಾ? ನನ್ನ ಹೆಂಡತಿ ನನ್ನ ಬಗ್ಗೆ ಎರಡು ನಿಮಿಷದಲ್ಲಿ ಹೇಳ್ತಾಳೆ ನಿಜ. ಜಗಳ ಆಡಿದ ದಿನ ಕೇಳಿದರೆ ಬೇರೇನೇ ರಿಪೋರ್ಟ್ ಬರುತ್ತೆ!

ಹಾಗಂತ ವರದಿಯನ್ನು ಕಸದ ಬುಟ್ಟಿಗೆ ಹಾಕೋಕೂ ಆಗಲ್ಲ. ಆತ್ಮಹತ್ಯೆಯ ಊಹೆಗೆ ಬಾಲ್ಯದ ಸಿದ್ಧಾಂತವೇ ಬೇಕಿರಲಿಲ್ಲ. ಅವನು ಹಿಂದೆ ಏನು ಮಾಡಿದ್ದ, ಸೋತಾಗ ಏನು ಹೇಳಿದ್ದ ಅನ್ನೋದನ್ನ ಗಮನಿಸಿದ್ದರೂ ಅಲ್ಲಿಗೇ ತಲುಪಬಹುದಿತ್ತು. ವರದಿಯ ಗಟ್ಟಿ ಭಾಗ ಇದೇ ಅನ್ನೋದು ನನ್ನ ಅನಿಸಿಕೆ. ‘ಅವನು ಯಾಕೆ ಹೀಗೆ’ ಅನ್ನೋದಕ್ಕಿಂತ ‘ಅವನು ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಏನು ಮಾಡ್ತಾನೆ’ ಅನ್ನೋದಕ್ಕೆ ಉತ್ತರ ಹುಡುಕೋದು ಸುಲಭ, ಉಪಯೋಗವೂ ಹೆಚ್ಚು.

ಮೊಮ್ಮಕ್ಕಳ ಫೋಟೋ

ಈ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಸಿಐಎಯಲ್ಲಿ ಜೆರಾಲ್ಡ್ ಪೋಸ್ಟ್ ಎಂಬ ಮನೋವೈದ್ಯರು ವಿದೇಶಿ ನಾಯಕರ ವ್ಯಕ್ತಿತ್ವ ಅಧ್ಯಯನಕ್ಕೆ ಒಂದು ವಿಭಾಗವನ್ನೇ ಕಟ್ಟಿದರು. 1978ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್‌ನ ಸಾದಾತ್ ಮತ್ತು ಇಸ್ರೇಲ್‌ನ ಬೆಗಿನ್ ನಡುವೆ ಶಾಂತಿ ಮಾತುಕತೆ. ಅದಕ್ಕೆ ಮುಂಚೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಬ್ಬರ ಪ್ರೊಫೈಲ್‌ಗಳನ್ನೂ ಓದಿಕೊಂಡು ಹೋಗಿದ್ದರು. ಸಾದಾತ್‌ಗೆ ಇತಿಹಾಸದಲ್ಲಿ ತನ್ನ ಹೆಸರಿನ ಚಿಂತೆ, ಬೆಗಿನ್‌ಗೆ ಒಂದೊಂದು ಪದದ ಚಿಂತೆ.

ಹದಿಮೂರನೇ ದಿನ ಮಾತುಕತೆ ಮುರಿದುಬೀಳೋದರಲ್ಲಿತ್ತು. ಬೆಗಿನ್ ತಮ್ಮ ಮೊಮ್ಮಕ್ಕಳಿಗಾಗಿ ಸಹಿ ಮಾಡಿದ ಫೋಟೋ ಕೇಳಿದ್ದರು. ಕಾರ್ಟರ್ ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು ಬರೆದು, ತಾವೇ ತಗೊಂಡು ಹೋಗಿ ಕೈಗಿಟ್ಟರು. ಹೆಸರುಗಳನ್ನು ಓದುತ್ತಾ ಬೆಗಿನ್ ಕಣ್ಣು ತುಂಬಿಕೊಂಡರು. ಅದೇ ದಿನ ಒಪ್ಪಂದಕ್ಕೆ ಸಹಿ ಬಿತ್ತು.

ಇದೇ ವಿದ್ಯೆಗೆ ಇನ್ನೊಂದು ಮುಖವೂ ಇದೆ. 1964ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಒಂದು ಪತ್ರಿಕೆ ಮನೋವೈದ್ಯರ ಸಮೀಕ್ಷೆ ಮಾಡಿತು. ಅವರನ್ನು ಯಾವತ್ತೂ ಪರೀಕ್ಷೆ ಮಾಡಿರದ 1,189 ಮನೋವೈದ್ಯರು ಅವರು ಮಾನಸಿಕವಾಗಿ ಅನರ್ಹರು ಅಂದುಬಿಟ್ಟರು. ಗೋಲ್ಡ್‌ವಾಟರ್ ಕೇಸ್ ಹಾಕಿ ಗೆದ್ದರು. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ನಿಯಮ ಮಾಡಿತು: ಖುದ್ದು ಪರೀಕ್ಷಿಸದೆ, ಒಪ್ಪಿಗೆ ಇಲ್ಲದೆ ಯಾರ ಮನಸ್ಸಿನ ಬಗ್ಗೆಯೂ ವೃತ್ತಿಪರ ಅಭಿಪ್ರಾಯ ಕೊಡುವಂತಿಲ್ಲ.

ಒಬ್ಬನೇ ಅಲ್ಲ

ಲ್ಯಾಂಗರ್ ವರದಿಯಲ್ಲಿ ಎಲ್ಲರೂ ಆ ಎಂಟು ಸಾಧ್ಯತೆಗಳನ್ನೇ ನೆನಪಿಟ್ಟುಕೊಳ್ತಾರೆ. ಆದರೆ ಅದರಲ್ಲಿ ಇನ್ನೊಂದು ಮಾತಿದೆ. ಹಿಟ್ಲರ್ ಎಂಬ ಹುಚ್ಚ ಜರ್ಮನಿಗೆ ಹುಚ್ಚು ಹಿಡಿಸಿದ ಅಂತ ಸುಮ್ಮನಾಗಬೇಡಿ, ಆ ಜನರ ಮನಸ್ಥಿತಿಯೂ ಅಂಥವನನ್ನು ಹುಟ್ಟುಹಾಕಿತು, ಅವನನ್ನು ತೆಗೆದುಹಾಕಿದ ಮಾತ್ರಕ್ಕೆ ಆ ರೋಗ ಹೋಗಲ್ಲ ಎಂಬರ್ಥದ ಎಚ್ಚರಿಕೆ ಅದು.

ಈ ಮಾತು ಓದಿದ ಮೇಲೆ ನನಗೆ ಹಿಟ್ಲರ್‌ನ ಬಾಲ್ಯಕ್ಕಿಂತ ಬೇರೆಯವರ ಬಗ್ಗೆ ಕುತೂಹಲ ಹುಟ್ಟಿತು. ರೈಲಿನ ಟೈಮ್‌ಟೇಬಲ್ ಹಾಕಿದವನು, ಪಟ್ಟಿ ಟೈಪ್ ಮಾಡಿದವನು, ಪಕ್ಕದ ಮನೆ ಖಾಲಿಯಾದದ್ದನ್ನು ನೋಡಿ ಬಾಗಿಲು ಹಾಕಿಕೊಂಡವಳು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಕೆಲಸಕ್ಕೆ ಹೋಗಿ ಬರುತ್ತಿದ್ದವರು. ಅವರ ಪ್ರೊಫೈಲ್ ಬರೆಯೋಕೆ ಯಾವ ಡೊನೊವನ್ ಕೂಡ ಯಾರಿಗೂ ಹೇಳಲಿಲ್ಲ.

ಆಫೀಸಿನ ಆ ರಿಪೋರ್ಟನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. ‘ಒತ್ತಡ ಹೆಚ್ಚಾದಾಗ ನೀವು ಮೌನಕ್ಕೆ ಜಾರುತ್ತೀರಿ.’ ಮೊದಲ ಸಲ ಓದಿದಾಗ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ.