ಆಯ್ಕೆಯ ಹೊತ್ತಿನ ಆಪ್ತೆ

ಇಂಗ್ಲಿಷಿನ ‘ಕೌನ್ಸೆಲಿಂಗ್’ ಎಂಬ ಮಾತಿಗೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಹೆಸರು ಬಳಕೆಗೆ ಬಂದಿದೆ. ಮೂಲದಲ್ಲಿಲ್ಲದ ‘ಆಪ್ತ’ ಎಂಬ ವಿಶೇಷಣ ನಮ್ಮ ಭಾಷೆ ತಾನಾಗಿ ಕೂಡಿಸಿದ್ದು. ಅದು ಉಚಿತವೇ ಆಗಿದೆ. ಉಪದೇಶ ಮಾಡುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ. ಹತ್ತಿರ ಕುಳಿತು, ಎದುರಿಗಿರುವವನ ಮಾತನ್ನು ಕೊನೆಯವರೆಗೆ ಕೇಳಿ, ಅವನ ದಾರಿಯನ್ನು ಅವನೇ ಕಂಡುಕೊಳ್ಳುವಂತೆ ಮಾಡುವವರು ವಿರಳ. ಆ ವಿರಳವಾದ ಕಲೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಮೆರಿಕೆಯ ಲಿಯೋನಾ ಟೈಲರ್ ಒಬ್ಬರು. ಭಾಷೆಯ ಅಧ್ಯಾಪಕನಾದ ನನಗೆ ಈಕೆಯಲ್ಲಿ ವಿಶೇಷ ಆದರ ಹುಟ್ಟುವುದಕ್ಕೆ ಕಾರಣವುಂಟು: ಈಕೆಯ ಜಿಜ್ಞಾಸೆ ಮೊದಲು ಮೊಳೆತದ್ದು ಭಾಷೆಯ ತರಗತಿಯಲ್ಲಿ.

1906ರ ಮೇ 10ರಂದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜನಿಸಿದ ಟೈಲರ್ ಬೆಳೆದದ್ದು ಉತ್ತರ ಮಿನೆಸೋಟದ ಕಬ್ಬಿಣದ ಗಣಿಗಳ ಸೀಮೆಯಲ್ಲಿ. ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸಮಾಡಿ, 1925ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಮಿನೆಸೋಟ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಅಲ್ಲಿಂದ ಮುಂದೆ ಸುಮಾರು 13 ವರ್ಷ ಶಾಲೆಯ ಉಪಾಧ್ಯಾಯಿನಿ. ಮಕ್ಕಳು ತಮ್ಮನ್ನು ಕುರಿತು ಬರೆದ ಪ್ರಬಂಧಗಳನ್ನು ಓದುವುದು ಆಕೆಯ ನಿತ್ಯದ ಕೆಲಸ. ಒಂದೇ ವಯಸ್ಸು, ಒಂದೇ ತರಗತಿ, ಒಂದೇ ವಿಷಯ. ಆದರೂ ಒಬ್ಬರ ಬರಹದಂತೆ ಇನ್ನೊಬ್ಬರದಿಲ್ಲ. ಪ್ರಬಂಧಗಳನ್ನು ತಿದ್ದುವವರೆಲ್ಲರೂ ಬಲ್ಲ ಸಂಗತಿಯಿದು. ನಾವು ಅಂಕ ಹಾಕಿ ಕೆಳಗಿಡುತ್ತೇವೆ. ಟೈಲರ್ ಈ ವೈವಿಧ್ಯದ ಮೂಲವೇನೆಂದು ಕೇಳಹೊರಟರು. ಆ ಪ್ರಶ್ನೆ ಆಕೆಯನ್ನು ಮತ್ತೆ ಮಿನೆಸೋಟಕ್ಕೆ, ಡೊನಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರ ಬಳಿಗೆ ಕರೆದೊಯ್ದಿತು. ಹದಿಹರೆಯದ ಹುಡುಗಿಯರ ಅಭಿರುಚಿಗಳನ್ನು ಕುರಿತು ಸಂಶೋಧನೆ ನಡೆಸಿ 1941ರಲ್ಲಿ ಡಾಕ್ಟರೇಟ್ ಪಡೆದರು.

ಅಷ್ಟರಲ್ಲಿ, 1940ರಲ್ಲಿಯೇ, ಆಕೆ ಆರೆಗನ್ ವಿಶ್ವವಿದ್ಯಾನಿಲಯವನ್ನು ಸೇರಿದ್ದರು. 1971ರಲ್ಲಿ ನಿವೃತ್ತರಾಗುವವರೆಗೆ ಅದೇ ಕರ್ಮಭೂಮಿ. ಎರಡನೆಯ ಮಹಾಯುದ್ಧ ಮುಗಿದು, ಸರ್ಕಾರದ ನೆರವಿನಿಂದ ಸೈನಿಕರು ಕಾಲೇಜುಗಳಿಗೆ ಮರಳತೊಡಗಿದಾಗ, ‘ಮುಂದೇನು?’ ಎಂದು ಕೇಳುವ ಯುವಕರ ಎದುರು ಆಕೆ ಕುಳಿತರು. ವ್ಯಕ್ತಿಭೇದಗಳನ್ನು ವಿವೇಚಿಸುವ ಗ್ರಂಥ 1947ರಲ್ಲಿಯೂ, ‘ದಿ ವರ್ಕ್ ಆಫ್ ದಿ ಕೌನ್ಸೆಲರ್’ ಎಂಬ ಪ್ರಸಿದ್ಧ ಕೃತಿ 1953ರಲ್ಲಿಯೂ ಹೊರಬಂದವು.

ಟೈಲರ್ ಅವರ ವಿಚಾರದ ತಿರುಳು ‘ಆಯ್ಕೆ’. ಮನುಷ್ಯನ ಬುದ್ಧಿಯನ್ನು ಅಂಕಗಳಿಂದ ಅಳೆಯಬಹುದು; ಆದರೆ ಸಮಾನ ಅಂಕದ ಇಬ್ಬರು ಏಕೆ ಬೇರೆ ಬೇರೆ ಬಾಳನ್ನು ಬಾಳುತ್ತಾರೆಂಬುದನ್ನು ಅಂಕ ಹೇಳಲಾರದು. ಆಕೆ ಕಂಡುಕೊಂಡ ಪರೀಕ್ಷಾವಿಧಾನ ಸರಳ. ಒಂದೊಂದು ಚೀಟಿಯಲ್ಲಿ ಒಂದೊಂದು ವೃತ್ತಿಯ ಹೆಸರು. ಬೇಕಾದುವನ್ನೂ ಬೇಡವಾದುವನ್ನೂ ಬೇರೆಮಾಡಬೇಕು. ಬಳಿಕ ಅವನ್ನು ತನಗೆ ತೋರಿದಂತೆ ಗುಂಪುಗೂಡಿಸಿ, ಹೀಗೇಕೆ ಕೂಡಿಸಿದೆನೆಂದು ತನ್ನ ಮಾತಿನಲ್ಲಿ ಹೇಳಬೇಕು. ಇಲ್ಲಿ ಸರಿಯುತ್ತರವೂ ಇಲ್ಲ, ತಪ್ಪುತ್ತರವೂ ಇಲ್ಲ. ಬೇಡವೆಂದು ತಳ್ಳಿದ ಚೀಟಿಗಳು ಕೂಡ ಮನಸ್ಸಿನ ಕನ್ನಡಿ. ಒಬ್ಬ ವ್ಯಕ್ತಿಯೊಳಗೆ ಹಲವು ಬಾಳುಗಳಿಗೆ ಬೀಜವಿದೆ, ಆಯುಷ್ಯವಾದರೋ ಒಂದೇ. ಆದುದರಿಂದ ಆಯ್ಕೆಯೆಂದರೆ ತ್ಯಾಗವೂ ಹೌದು ಎಂಬ ಅರಿವು ಈ ವಿಧಾನದ ಹಿಂದಿದೆ.

1960ರಲ್ಲಿ ಆಕೆ ‘ಕನಿಷ್ಠ ಪರಿವರ್ತನೆಯ ಚಿಕಿತ್ಸೆ’ ಎಂಬ ವಿಚಾರವನ್ನು ಮಂಡಿಸಿದರು. ಎಲ್ಲರ ಸ್ವಭಾವವನ್ನೂ ಬುಡಸಹಿತ ಕಿತ್ತು ಬೇರೆ ನೆಡಬೇಕಾಗಿಲ್ಲ. ಇರುವ ಸತ್ತ್ವವನ್ನು ಗುರುತಿಸಿ, ನಡೆಯ ದಿಕ್ಕನ್ನು ತುಸು ತಿರುಗಿಸಿದರೆ ಅನೇಕರಿಗೆ ಸಾಕು. ತೂಬಿನ ಬಾಯಲ್ಲಿ ಒಂದು ಹಿಡಿ ಮಣ್ಣನ್ನು ಸರಿಸಿದರೆ ನೀರು ಬೇರೊಂದು ಗದ್ದೆಗೆ ಹರಿಯುವುದನ್ನು ಬಲ್ಲ ನಮ್ಮ ರೈತನಿಗೆ ಈ ಮಾತಿಗೆ ಭಾಷ್ಯ ಬೇಕಿಲ್ಲ.

ಪದವಿ ಗೌರವಗಳು ತಾವಾಗಿ ಬಂದವು. 1965ರಿಂದ 1971ರವರೆಗೆ ತಮ್ಮ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗದ ಡೀನ್. 1973ರಲ್ಲಿ ಅಮೆರಿಕನ್ ಮನಶ್ಶಾಸ್ತ್ರ ಸಂಘದ ಅಧ್ಯಕ್ಷೆ. 1921ರಲ್ಲಿ ಮಾರ್ಗರೆಟ್ ವಾಶ್‌ಬರ್ನ್ ಅಲಂಕರಿಸಿದ್ದ ಆ ಪೀಠ ಇನ್ನೊಬ್ಬ ಮಹಿಳೆಗೆ ದೊರೆಯಲು ಐವತ್ತು ವರ್ಷ ಕಾಯಬೇಕಾಯಿತು: 1972ರಲ್ಲಿ ಆನ್ ಅನಸ್ತಾಸಿ, ಮರುವರ್ಷವೇ ಟೈಲರ್. ವೃತ್ತಿಯ ಬಾಗಿಲುಗಳು ಸ್ತ್ರೀಯರಿಗೆ ಅರ್ಧ ಮುಚ್ಚಿಯೇ ಇದ್ದ ಕಾಲದಲ್ಲಿ ಹುಡುಗಿಯರ ಅಭಿರುಚಿಯನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಂಡದ್ದರ ಬೆಲೆ ಇದರಿಂದ ತಿಳಿಯುತ್ತದೆ. 1993ರಲ್ಲಿ ಆಕೆ ತೀರಿಕೊಂಡರು. ಆಪ್ತಸಮಾಲೋಚನ ಮನಶ್ಶಾಸ್ತ್ರದ ಹಿರಿಯ ಪ್ರಶಸ್ತಿಯೊಂದು ಇಂದು ಆಕೆಯ ಹೆಸರಿನಲ್ಲಿದೆ.

ನಮಗೆ ನೇರವಾಗಿ ಸಂಬಂಧಿಸಿದ ಕೆಲಸವೊಂದನ್ನು ಕಡೆಗಿಟ್ಟುಕೊಂಡಿದ್ದೇನೆ. 1970ರಲ್ಲಿ ಟೈಲರ್ ಮತ್ತು ಅವರ ಸಹೋದ್ಯೋಗಿ ನಾರ್ಮನ್ ಸಂಡ್‌ಬರ್ಗ್ ಭಾರತ, ಹಾಲೆಂಡ್ ಮತ್ತು ಅಮೆರಿಕಗಳ ಹದಿಹರೆಯದವರನ್ನು ಹೋಲಿಸಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತಮ್ಮ ಮುಂದೆ ಯಾವ ಯಾವ ದಾರಿಗಳು ತೆರೆದಿವೆಯೆಂಬ ಅರಿವು ಈ ಮಕ್ಕಳಿಗೆ ಎಷ್ಟಿದೆ? ಇದೇ ಅದರ ಪ್ರಶ್ನೆ. ಪ್ರತಿವರ್ಷ ಪಿ.ಯು.ಸಿ. ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳಬರುವುದು ಅಪರೂಪ. ಅಂಕಪಟ್ಟಿ ಮಾತಾಡುತ್ತದೆ, ಹಿರಿಯರು ಮಾತಾಡುತ್ತಾರೆ, ನೆರೆಯವರೂ ಮಾತಾಡುತ್ತಾರೆ. ಮಗು ಮೂಲೆಯಲ್ಲಿ ಕುಳಿತಿರುತ್ತದೆ. ಅದರ ಕೈಗೆ ಚೀಟಿಗಳನ್ನು ಕೊಟ್ಟು, ಏಕೆ ಬೇಕು, ಏಕೆ ಬೇಡ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದು ಅಧ್ಯಾಪಕರಾದ ನಮಗೆ ಅಸಾಧ್ಯವಾದ ಕಾರ್ಯವೇನಲ್ಲ.